ಭಾರತದ ಫುಟ್‌ಬಾಲ್ ಆಡಳಿತ, ತಂಡಗಳು ಮತ್ತು ಟೂರ್ನಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕುರಿತು ಓದುಗರು ಪತ್ರಗಳಲ್ಲಿಯೂ, ಮೈದಾನದ ಮೆಟ್ಟಿಲುಗಳ ಮೇಲಿನ ಮಾತುಕತೆಯಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಅವರ ಮಾತಿನಲ್ಲಿಯೇ ಇರಿಸಿಕೊಂಡು ಉತ್ತರಿಸಲಾಗಿದೆ. ಸರಳ ಪ್ರಶ್ನೆಗಳು ಮೊದಲು, ತೊಡಕಿನವು ನಂತರ ಬರುತ್ತವೆ.

## ಮೊದಲ ಪರಿಚಯ

ಎಐಎಫ್‌ಎಫ್ ಅಂದರೆ ಸರ್ಕಾರದ ಇಲಾಖೆಯೇ?

ಅಲ್ಲ. ಅದು ರಾಜ್ಯ ಫುಟ್‌ಬಾಲ್ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಒಕ್ಕೂಟ. 1937ರ ಜೂನ್ 23ರಂದು ಶಿಮ್ಲಾದಲ್ಲಿ, ಅಂದಿನ ಸೇನಾ ಕೇಂದ್ರ ಕಚೇರಿಯಲ್ಲಿ ನಡೆದ ಸಭೆಯಲ್ಲಿ ಅದು ಹುಟ್ಟಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಫಿಫಾ ಸದಸ್ಯತ್ವ ದೊರೆಯಿತು. 1954ರಲ್ಲಿ ಏಷ್ಯಾ ಫುಟ್‌ಬಾಲ್ ಒಕ್ಕೂಟ (ಎಎಫ್‌ಸಿ) ಸ್ಥಾಪನೆಯಾದಾಗ ಭಾರತ ಅದರ ಸ್ಥಾಪಕ ಸದಸ್ಯರಲ್ಲಿ ಒಂದಾಗಿತ್ತು. ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆಯೂ ಅನುದಾನವೂ ಫೆಡರೇಷನ್ನಿಗೆ ಇವೆ. ಆದರೆ ತಂಡದ ಆಯ್ಕೆ, ಟೂರ್ನಿಗಳ ವೇಳಾಪಟ್ಟಿ, ಆಟಗಾರರ ನೋಂದಣಿ, ರೆಫರಿಗಳ ನೇಮಕ ಇವೆಲ್ಲ ಅದರದೇ ಅಧಿಕಾರ. ಮುಖ್ಯ ಕಚೇರಿಯಾದ ಫುಟ್‌ಬಾಲ್ ಹೌಸ್ ಇರುವುದು ದೆಹಲಿಯ ದ್ವಾರಕಾದಲ್ಲಿ.

ನಮ್ಮ ಕರ್ನಾಟಕದಲ್ಲಿ ಇದನ್ನು ಯಾರು ನೋಡಿಕೊಳ್ಳುತ್ತಾರೆ?

ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ (ಕೆಎಸ್‌ಎಫ್‌ಎ). ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಇದರ ನೆಲೆ. ಬೆಂಗಳೂರಿನ ಡಿವಿಷನ್ ಲೀಗ್‌ಗಳು ನಡೆಯುವುದೂ, ಸಂತೋಷ್ ಟ್ರೋಫಿಗೆ ರಾಜ್ಯ ತಂಡ ಆಯ್ಕೆಯಾಗುವುದೂ ಈ ಸಂಸ್ಥೆಯ ಮೂಲಕವೇ. 2022ರ ಚುನಾವಣೆಯಲ್ಲಿ ಕೆಎಸ್‌ಎಫ್‌ಎ ಅಧ್ಯಕ್ಷ ಎನ್.ಎ. ಹ್ಯಾರಿಸ್ ಅವರು ರಾಷ್ಟ್ರೀಯ ಫೆಡರೇಷನ್ನಿನ ಉಪಾಧ್ಯಕ್ಷರಾದರು.

ಮಗಳಿಗೆ ಹನ್ನೊಂದು ವರ್ಷ, ಚೆನ್ನಾಗಿ ಆಡುತ್ತಾಳೆ. ನೇರವಾಗಿ ಎಐಎಫ್‌ಎಫ್‌ಗೆ ಅರ್ಜಿ ಹಾಕಬೇಕೆ?

ಬೇಕಿಲ್ಲ. ಮೊದಲು ಜಿಲ್ಲೆಯ ಅಥವಾ ನಗರದ ಒಂದು ನೋಂದಾಯಿತ ಕ್ಲಬ್ಬನ್ನೋ ಅಕಾಡೆಮಿಯನ್ನೋ ಸೇರಿಸಿ. ಫೆಡರೇಷನ್ನಿನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ ಆಕೆಯ ಹೆಸರನ್ನು ಆ ಕ್ಲಬ್ಬೇ ದಾಖಲಿಸುತ್ತದೆ. ಜನನ ಪ್ರಮಾಣಪತ್ರದಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಆಧಾರ್‌ನಲ್ಲಿಯೂ ಹೆಸರಿನ ಅಕ್ಷರಗಳು, ಹುಟ್ಟಿದ ದಿನಾಂಕ ಒಂದೇ ರೀತಿ ಇರುವಂತೆ ಈಗಲೇ ಸರಿಪಡಿಸಿಕೊಳ್ಳಿ. ವಯೋಮಿತಿಯ ಟೂರ್ನಿಗಳಲ್ಲಿ ವಯಸ್ಸಿನ ಪರಿಶೀಲನೆ ಕಟ್ಟುನಿಟ್ಟಾಗಿರುತ್ತದೆ, ಮೂಳೆ ಪರೀಕ್ಷೆಯನ್ನೂ ಮಾಡುತ್ತಾರೆ. ಆಟ ಬಲ್ಲ ಮಗು ಒಂದು ತಪ್ಪು ದಿನಾಂಕದಿಂದಾಗಿ ಮೈದಾನದ ಹೊರಗೆ ಕುಳಿತು ಅಳುವುದನ್ನು ನಾನು ನೋಡಿದ್ದೇನೆ.

ಅಕಾಡೆಮಿ ಆರಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಜೆರ್ಸಿಯದೂ ಅಲ್ಲ, ಟರ್ಫಿನದೂ ಅಲ್ಲ: ವರ್ಷಕ್ಕೆ ಎಷ್ಟು ಪಂದ್ಯ ಆಡಿಸುತ್ತೀರಿ, ಕೋಚ್ ಬಳಿ ಯಾವ ಲೈಸೆನ್ಸ್ ಇದೆ ಎಂದು ಕೇಳಿ. ತರಬೇತುದಾರರ ಲೈಸೆನ್ಸ್ ‘ಡಿ’ಯಿಂದ ಸಿ, ಬಿ, ಎ ದಾಟಿ ‘ಪ್ರೊ’ವರೆಗೆ ಏರುತ್ತದೆ. ಚಿಕ್ಕ ಮಕ್ಕಳಿಗೆ ‘ಡಿ’ ಇದ್ದರೂ ಸಾಕು, ಏನೂ ಇಲ್ಲದವರ ಕೈಗೆ ಮಾತ್ರ ಕೊಡಬೇಡಿ.

## ತಂಡಗಳು ಮತ್ತು ಚರಿತ್ರೆ

ಬರಿಗಾಲಲ್ಲಿ ಆಡುತ್ತಿದ್ದರು ಅಂತ 1950ರ ವಿಶ್ವಕಪ್‌ಗೆ ನಮ್ಮವರನ್ನು ಬಿಡಲಿಲ್ಲವಂತೆ, ನಿಜವೇ?

ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಹೆಚ್ಚು ತಪ್ಪು ಉತ್ತರ ಸಿಗುವ ಪ್ರಶ್ನೆಯೂ ಹೌದು. ಬರಿಗಾಲಿನ ಕತೆಗೆ ಮೂಲ 1948ರ ಲಂಡನ್ ಒಲಿಂಪಿಕ್ಸ್. ಅಲ್ಲಿ ತಾಲಿಮೆರೆನ್ ಆವೊ ನಾಯಕತ್ವದ ತಂಡದ ಹೆಚ್ಚಿನವರು ಬೂಟಿಲ್ಲದೆ ಆಡಿ, ಫ್ರಾನ್ಸ್ ಎದುರು 2–1ರಿಂದ ಸೋತರು. ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿದ ಪಂದ್ಯ ಅದು. ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್ ಎಂಬುದನ್ನು ನಮ್ಮ ಊರಿನವರೇ ಮರೆತಿದ್ದಾರೆ.

1950ರ ಬ್ರೆಜಿಲ್ ವಿಶ್ವಕಪ್‌ಗೆ ಹಲವು ತಂಡಗಳು ಹಿಂದೆ ಸರಿದ ಕಾರಣ ಭಾರತಕ್ಕೆ ಅರ್ಹತಾ ಪಂದ್ಯ ಆಡದೆಯೇ ಸ್ಥಾನ ದೊರೆತಿತ್ತು, ಪ್ರಯಾಣ ವೆಚ್ಚದ ಹೆಚ್ಚಿನ ಪಾಲನ್ನು ಭರಿಸಲು ಆತಿಥೇಯರು ಮುಂದೆ ಬಂದಿದ್ದರು. ಹೋಗದಿರಲು ಫೆಡರೇಷನ್ ಕೊಟ್ಟ ಕಾರಣಗಳು ಅಭ್ಯಾಸಕ್ಕೆ ಸಮಯ ಸಾಲದಿರುವುದು ಮತ್ತು ತಂಡದ ಆಯ್ಕೆಯಲ್ಲಿನ ಭಿನ್ನಾಭಿಪ್ರಾಯ. ಹೋಗಿದ್ದರೆ ನಾಯಕರಾಗಬೇಕಿದ್ದ ಶೈಲೇನ್ ಮನ್ನಾ ಅವರು ಮುಂದೆ, ತಮಗೆಲ್ಲ ಆಗ ಒಲಿಂಪಿಕ್ಸೇ ಸರ್ವಸ್ವವಾಗಿತ್ತು, ವಿಶ್ವಕಪ್ಪಿನ ಮಹತ್ವವೇ ತಿಳಿದಿರಲಿಲ್ಲ ಎಂಬರ್ಥದ ಮಾತು ಹೇಳಿದ್ದರು. ನನಗೆ ನಂಬಲರ್ಹವಾಗಿ ತೋರುವುದು ಈ ಮಾತೇ. ಬೂಟಿನ ಕತೆ ಕೇಳಲು ಚೆಂದ, ಆದರೆ ಅದು ತೀರ್ಮಾನದ ಹೊಣೆಯನ್ನು ಅದನ್ನು ತೆಗೆದುಕೊಂಡವರ ಹೆಗಲಿನಿಂದ ಇಳಿಸಿಬಿಡುತ್ತದೆ.

ಭಾರತ ಒಂದು ಕಾಲದಲ್ಲಿ ಏಷ್ಯಾದಲ್ಲೇ ಬಲಿಷ್ಠ ತಂಡವಾಗಿತ್ತು ಎನ್ನುತ್ತಾರೆ. ಎಷ್ಟು ಬಲಿಷ್ಠ?

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಸಾಹು ಮೇವಾಲಾಲ್ ಗೋಲಿನಿಂದ ಇರಾನನ್ನು 1–0ರಿಂದ ಮಣಿಸಿ ಚಿನ್ನ ಗೆದ್ದಷ್ಟು. ಮರುವರ್ಷವೇ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10–1ರಿಂದ ಸದೆಬಡಿಯಿತು, ಆ ಪೆಟ್ಟಿನಿಂದ ಪಾಠ ಕಲಿತವರು ಹೈದರಾಬಾದಿನ ಕೋಚ್ ಸೈಯದ್ ಅಬ್ದುಲ್ ರಹೀಮ್. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಬಲದಿಂದ ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4–2ರಿಂದ ಸೋಲಿಸಿದ ಭಾರತ, ನಾಲ್ಕನೆಯ ಸ್ಥಾನ ಪಡೆಯಿತು. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ ಈ ಕಾಲದ ಶಿಖರ. ಕ್ಯಾನ್ಸರ್ ಪೀಡಿತ ರಹೀಮರ ಕೊನೆಯ ಟೂರ್ನಿ ಅದು. ಪ್ರೇಕ್ಷಕರು ಭಾರತದ ಮೇಲೆ ಸಿಟ್ಟಾಗಿದ್ದರು. ಹಣೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಮರು ಮುಂಪಡೆಯಲ್ಲಿ ಆಡಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ವಿರುದ್ಧ 2–1ರ ಗೆಲುವು ಬಂದಾಗ ಗೋಲು ಹೊಡೆದವರು ಪಿ.ಕೆ. ಬ್ಯಾನರ್ಜಿ ಮತ್ತು ಅದೇ ಜರ್ನೈಲ್. ಚುನಿ ಗೋಸ್ವಾಮಿ ನಾಯಕರಾಗಿದ್ದ ಆ ತಂಡದಲ್ಲಿಯೂ ಬೆಂಗಳೂರಿನ ಅರುಮೈನಾಯಗಂ ಇದ್ದರು. 1964ರಲ್ಲಿ ಏಷ್ಯಾ ಕಪ್‌ನಲ್ಲಿ ಎರಡನೆಯ ಸ್ಥಾನ, 1970ರಲ್ಲಿ ಏಷ್ಯನ್ ಕ್ರೀಡಾಕೂಟದ ಕಂಚು. ಅಲ್ಲಿಂದಾಚೆಗೆ ಜಪಾನ್, ಕೊರಿಯಾಗಳು ಲೀಗ್‌ಗಳನ್ನು ಕಟ್ಟಿದವು, ನಾವು ಕಪ್ ಟೂರ್ನಿಗಳಲ್ಲಿಯೇ ಉಳಿದೆವು. ನಮ್ಮ ಮೊದಲ ರಾಷ್ಟ್ರೀಯ ಲೀಗ್ ಶುರುವಾದದ್ದು 1996ರಲ್ಲಿ.

ಇತ್ತೀಚೆಗೆ ನಮ್ಮ ತಂಡ ಇಷ್ಟು ಕೆಳಗೆ ಬಿದ್ದದ್ದೇಕೆ?

2023ರ ಜುಲೈ 4ರ ರಾತ್ರಿಯನ್ನು ನೆನೆಯೋಣ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಮಟ್ಟದ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್. ಕುವೈತ್ ಎದುರು 1–1. ಪೆನಾಲ್ಟಿಗಳಲ್ಲಿ ಸಡನ್ ಡೆತ್. ಮಹೇಶ್ ಸಿಂಗ್ ಚೆಂಡನ್ನು ಬಲೆಗೆ ಸೇರಿಸಿದರು, ಕುವೈತ್ ನಾಯಕನ ಒದೆತಕ್ಕೆ ಗುರ್‌ಪ್ರೀತ್ ಸಿಂಗ್ ಸಂಧು ಎಡಕ್ಕೆ ಹಾರಿ ತಡೆದರು, ಇಡೀ ಸ್ಟ್ಯಾಂಡ್ ಎದ್ದು ನಿಂತಿತು. ಅದು ಒಂಬತ್ತನೆಯ ಸ್ಯಾಫ್ ಪ್ರಶಸ್ತಿ. ಆ ತಿಂಗಳು ಭಾರತ ಫಿಫಾ ರ‍್ಯಾಂಕಿಂಗ್‌ನಲ್ಲಿ 99ನೆಯ ಸ್ಥಾನದಲ್ಲಿತ್ತು.

ಎರಡೂವರೆ ವರ್ಷದೊಳಗೆ ಸ್ಥಾನ 142ಕ್ಕೆ ಇಳಿಯಿತು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಮುಗ್ಗರಿಸಿದ ಮೇಲೆ 2024ರ ಜೂನ್‌ನಲ್ಲಿ ಕೋಚ್ ಇಗೊರ್ ಸ್ಟಿಮಾಚ್ ನಿರ್ಗಮಿಸಿದರು. ಬಂದ ಮನೊಲೊ ಮಾರ್ಕೆಸ್ ಒಂದು ವರ್ಷ ಕ್ಲಬ್ಬನ್ನೂ ದೇಶವನ್ನೂ ಒಟ್ಟಿಗೆ ನೋಡಿಕೊಂಡು 2025ರ ಜುಲೈನಲ್ಲಿ ಹೊರಟರು. ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ 94 ಗೋಲುಗಳೊಂದಿಗೆ ವಿದಾಯ ಹೇಳಿದ್ದ ಸುನಿಲ್ ಚೆಟ್ರಿ ಅವರನ್ನು 2025ರ ಮಾರ್ಚ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, ಮತ್ತೆ ಕರೆಯಬೇಕಾಯಿತು. ಗೋಲು ಹೊಡೆಯಬಲ್ಲವರು ಬೇರೆ ಸಿಗಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. 2027ರ ಏಷ್ಯಾ ಕಪ್ ಅರ್ಹತಾ ಗುಂಪಿನಲ್ಲಿ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ ಇದ್ದವು. ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರ 2–1ರಿಂದ ಗೆದ್ದಾಗಲೇ ನಮ್ಮ ದಾರಿ ಮುಚ್ಚಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ 1–0ರಿಂದ ಸೋಲಿಸಿತು.

ಕೋಚ್‌ಗಳನ್ನು ಬೈಯುವುದು ಸುಲಭ. ಆದರೆ ನಮ್ಮ ಕ್ಲಬ್‌ಗಳು ಸೆಂಟರ್ ಫಾರ್ವರ್ಡ್ ಜಾಗವನ್ನು ಬಹುಮಟ್ಟಿಗೆ ವಿದೇಶಿ ಆಟಗಾರರಿಗೆ ಬಿಟ್ಟುಕೊಟ್ಟು ಒಂದು ದಶಕವಾಗಿದೆ. ವಾರವಾರವೂ ಆ ಜಾಗದಲ್ಲಿ ಆಡದ ಹುಡುಗ ದೇಶಕ್ಕಾಗಿ ಒಮ್ಮೆಲೇ ಅಲ್ಲಿ ನಿಂತು ಗೋಲು ಹೊಡೆಯಲಿ ಎಂದು ಬಯಸುವುದು ನ್ಯಾಯವಲ್ಲ.

ಮಹಿಳಾ ತಂಡದ ಬಗ್ಗೆ ಯಾಕೆ ಯಾರೂ ಬರೆಯುವುದಿಲ್ಲ?

ಬರೆಯಬೇಕು, ಏಕೆಂದರೆ ಈಚಿನ ವರ್ಷಗಳ ಒಳ್ಳೆಯ ಸುದ್ದಿ ಹೆಚ್ಚಾಗಿ ಅಲ್ಲಿಂದಲೇ ಬಂದಿದೆ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ, ತಮಗಿಂತ ಮೇಲಿನ ಶ್ರೇಯಾಂಕದ ಥಾಯ್ಲೆಂಡನ್ನು ಅದರ ಅಭಿಮಾನಿಗಳ ಮುಂದೆಯೇ 2–1ರಿಂದ ಸೋಲಿಸಿ, ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿಗೆ ಏಷ್ಯಾ ಕಪ್ ಪ್ರವೇಶಿಸಿದರು; ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರವು. ಅದೇ ವರ್ಷ 20 ವರ್ಷದೊಳಗಿನವರೂ 17 ವರ್ಷದೊಳಗಿನವರೂ ತಮ್ಮ ತಮ್ಮ ಏಷ್ಯಾ ಕಪ್‌ಗಳಿಗೆ ಅರ್ಹತೆ ಪಡೆದರು.

1970, 80ರ ದಶಕಗಳಲ್ಲಿ ಮಹಿಳಾ ಫುಟ್‌ಬಾಲನ್ನು ಪ್ರತ್ಯೇಕ ಸಂಸ್ಥೆಯೊಂದು ನಡೆಸುತ್ತಿತ್ತು, ಎಐಎಫ್‌ಎಫ್ ಅದನ್ನು ತನ್ನ ತೆಕ್ಕೆಗೆ ತೆಗೆದುಕೊಂಡದ್ದು 90ರ ದಶಕದ ಆರಂಭದಲ್ಲಿ. ಆ ಹಳೆಯ ಕಾಲದಲ್ಲಿಯೇ ಭಾರತ ಎರಡು ಬಾರಿ ಏಷ್ಯಾ ಕಪ್ ಫೈನಲ್ ತಲುಪಿತ್ತು. ಹಿರಿಯರ ರಾಷ್ಟ್ರೀಯ ಟೂರ್ನಿಯಲ್ಲಿ ಮಣಿಪುರ 20ಕ್ಕೂ ಹೆಚ್ಚು ಬಾರಿ ಗೆದ್ದಿದೆ. 2016–17ರಲ್ಲಿ ಆರಂಭವಾದ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2022–23ರಲ್ಲಿ ಫೈನಲ್ ಆಡಿತು.

ವಿದೇಶದಲ್ಲಿರುವ ಭಾರತೀಯ ಮೂಲದ ಆಟಗಾರರನ್ನು ಕರೆಸಿಕೊಳ್ಳಬಹುದಲ್ಲ?

ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ, ದೇಶದ ಪರ ಆಡಲು ಭಾರತದ ಪಾಸ್‌ಪೋರ್ಟ್ ಇರಲೇಬೇಕು. ಸಾಗರೋತ್ತರ ಭಾರತೀಯ ಪ್ರಜೆ ಎಂಬ ಕಾರ್ಡು ಇದಕ್ಕೆ ಸಾಲದು. ಜಪಾನಿನಲ್ಲಿ ಹುಟ್ಟಿದ ಅರಾಟಾ ಇಜುಮಿ ಆ ದೇಶದ ಪೌರತ್ವ ತೊರೆದು ಭಾರತಕ್ಕೆ ಆಡಿದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್, ತಾಯಿಯ ಕಡೆಯಿಂದ ಮುಂಬೈ ಬೇರುಳ್ಳವರು, 2025ರಲ್ಲಿ ಆಸ್ಟ್ರೇಲಿಯದ ಪೌರತ್ವ ಬಿಟ್ಟು ಭಾರತೀಯರಾದರು. ಇಂತಹ ತ್ಯಾಗವನ್ನು ಗೌರವಿಸಬೇಕು. ಆದರೆ ಇಪ್ಪತ್ತರ ಹರೆಯದ ಯುರೋಪಿನ ಆಟಗಾರನೊಬ್ಬ ತನ್ನ ಕೆಲಸದ ಹಕ್ಕನ್ನೇ ಕಳೆದುಕೊಂಡು ಬರಲಿ ಎಂದು ನಿರೀಕ್ಷಿಸಿ ಯೋಜನೆ ಹಾಕಲಾಗದು.

## ಟೂರ್ನಿಗಳು

ಡುರಾಂಡ್, ಸಂತೋಷ್ ಟ್ರೋಫಿ, ಐ-ಲೀಗ್, ಐಎಸ್‌ಎಲ್ — ಇವೆಲ್ಲವೂ ಎಐಎಫ್‌ಎಫ್‌ನದೇ?

ಡುರಾಂಡ್ ಕಪ್ ಅದರದಲ್ಲ. 1888ರಲ್ಲಿ ಶಿಮ್ಲಾದಲ್ಲಿ ಆರಂಭವಾದ ಏಷ್ಯಾದ ಆ ಅತಿ ಹಳೆಯ ಟೂರ್ನಿಯನ್ನು ಸೇನೆ ನಡೆಸುತ್ತದೆ. ಶಾಲೆಗಳ ಸುಬ್ರತೊ ಕಪ್ ವಾಯುಪಡೆಯ ಆಶ್ರಯದ್ದು. ಸಂತೋಷ್ ಟ್ರೋಫಿ ರಾಜ್ಯಗಳ ನಡುವಿನದು. ಕ್ಲಬ್‌ಗಳಿಗೆ 1977ರಿಂದ 2017ರವರೆಗೆ ಫೆಡರೇಷನ್ ಕಪ್ ಇತ್ತು, ಈಗ ಸೂಪರ್ ಕಪ್ ಇದೆ. ಎರ್ನಾಕುಲಂನಲ್ಲಿ ನಡೆದ ಮೊದಲ ಫೆಡರೇಷನ್ ಕಪ್‌ನ ಫೈನಲ್‌ನಲ್ಲಿ ಮೋಹನ್ ಬಾಗಾನನ್ನು 1–0ರಿಂದ ಮಣಿಸಿದ್ದು ಬೆಂಗಳೂರಿನ ಐಟಿಐ ಕಾರ್ಖಾನೆಯ ತಂಡ. ಹಗಲು ಟೆಲಿಫೋನ್ ಕಾರ್ಖಾನೆಯ ನೌಕರಿ, ಸಂಜೆ ಆಟ ಎಂಬ ಆ ತಲೆಮಾರು ಕರ್ನಾಟಕದ ಫುಟ್‌ಬಾಲಿನ ಬೆನ್ನೆಲುಬಾಗಿತ್ತು.

1996ರ ರಾಷ್ಟ್ರೀಯ ಲೀಗ್ 2007ರಲ್ಲಿ ಐ-ಲೀಗ್ ಆಯಿತು. 2014ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬಂತು, 2022–23ರಿಂದ ಅದೇ ದೇಶದ ಅಗ್ರ ಲೀಗ್ ಆಯಿತು, ಐ-ಲೀಗ್ ಎರಡನೆಯ ಹಂತಕ್ಕೆ ಇಳಿಯಿತು. ಐ-ಲೀಗ್ ಗೆದ್ದು ಬಡ್ತಿ ಪಡೆದ ಮೊದಲ ತಂಡ ಪಂಜಾಬ್ ಎಫ್‌ಸಿ.

ಸಂತೋಷ್ ಟ್ರೋಫಿಗೆ ಆ ಹೆಸರು ಹೇಗೆ ಬಂತು? ನಾವು ಎಷ್ಟು ಬಾರಿ ಗೆದ್ದಿದ್ದೇವೆ?

‘ಸಂತೋಷ’ ಎಂಬ ಭಾವಕ್ಕೂ ಇದಕ್ಕೂ ಸಂಬಂಧವಿಲ್ಲ. ಸಂತೋಷ್ ಎಂಬುದು ಈಗ ಬಾಂಗ್ಲಾದೇಶದಲ್ಲಿರುವ ಒಂದು ಸಂಸ್ಥಾನದ ಹೆಸರು. ಅಲ್ಲಿನ ಮಹಾರಾಜ ಮನ್ಮಥನಾಥ ರಾಯ್ ಚೌಧರಿ ಅವರ ನೆನಪಿಗಾಗಿ ಬಂಗಾಳದ ಸಂಸ್ಥೆ ಈ ಟ್ರೋಫಿಯನ್ನು ಕೊಟ್ಟಿತು. ಟೂರ್ನಿ 1941ರಲ್ಲಿ ಆರಂಭವಾಯಿತು. 2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಕೇರಳವನ್ನು ಸೋಲಿಸಿದ ಬಂಗಾಳ, ತನ್ನ 33ನೆಯ ಪ್ರಶಸ್ತಿ ಗೆದ್ದಿತು.

ನಮ್ಮದು ಐದು. 1946–47, 1952–53, 1967–68 ಮತ್ತು 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು. ಅನಂತರ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ, ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲ ಬಾರಿಗೆ ಟ್ರೋಫಿ ನಮ್ಮದಾಯಿತು. ಹಲಸೂರಿನ ಗೌತಮಪುರದಂತಹ ಬೀದಿಗಳಲ್ಲಿ, ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಬಡಾವಣೆಯಲ್ಲಿ, ಹಳೆಯ ನಾಲ್ಕು ಗೆಲುವುಗಳ ಆಟಗಾರರ ಹೆಸರುಗಳನ್ನು ಹಿರಿಯರು ಇಂದಿಗೂ ಬಾಯಿಪಾಠದಂತೆ ಹೇಳುತ್ತಾರೆ.

ಬೆಂಗಳೂರು ಎಫ್‌ಸಿ ಮತ್ತು ಕರ್ನಾಟಕ ತಂಡ ಒಂದೇನಾ?

ಬೇರೆ ಬೇರೆ. ಕರ್ನಾಟಕ ತಂಡ ರಾಜ್ಯ ಸಂಸ್ಥೆಯದು. ಬೆಂಗಳೂರು ಎಫ್‌ಸಿ 2013ರಲ್ಲಿ ಆರಂಭವಾದ ಖಾಸಗಿ ಕ್ಲಬ್: ಐ-ಲೀಗ್ ಎರಡು ಬಾರಿ, ಫೆಡರೇಷನ್ ಕಪ್ ಎರಡು ಬಾರಿ, 2018–19ರ ಐಎಸ್‌ಎಲ್, 2022ರ ಡುರಾಂಡ್ ಕಪ್ ಅದರ ಸಾಧನೆ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು.

## ಆಡಳಿತದ ತೊಡಕುಗಳು

2022ರಲ್ಲಿ ಫಿಫಾ ನಮ್ಮನ್ನು ಅಮಾನತು ಮಾಡಿದ್ದೇಕೆ?

ಪ್ರಫುಲ್ ಪಟೇಲ್ ಅವರ ಅಧ್ಯಕ್ಷಾವಧಿ 2020ರ ಡಿಸೆಂಬರ್‌ಗೇ ಮುಗಿದಿದ್ದರೂ, ಫೆಡರೇಷನ್ನಿನ ಸಂವಿಧಾನದ (ಅದರ ಆಂತರಿಕ ನಿಯಮಾವಳಿಯ) ವ್ಯಾಜ್ಯ ಇತ್ಯರ್ಥವಾಗಿಲ್ಲವೆಂಬ ಕಾರಣದಿಂದ ಚುನಾವಣೆ ನಡೆದಿರಲಿಲ್ಲ. 2022ರ ಮೇ 18ರಂದು ಸುಪ್ರೀಂ ಕೋರ್ಟ್ ಪಟೇಲ್ ಅವರ ಸಮಿತಿಯನ್ನು ಇಳಿಸಿ, ನ್ಯಾಯಮೂರ್ತಿ ಎ.ಆರ್. ದವೆ ನೇತೃತ್ವದ ಆಡಳಿತಗಾರರ ಸಮಿತಿಯನ್ನು ನೇಮಿಸಿತು. ಸದಸ್ಯ ಸಂಸ್ಥೆಗಳನ್ನು ಹೊರಗಿನವರು ನಡೆಸಬಾರದೆಂಬುದು ಫಿಫಾದ ಮೂಲ ನಿಯಮ. ಆಗಸ್ಟ್ ಮಧ್ಯದಲ್ಲಿ ಅಮಾನತು ಬಿದ್ದಿತು, ಆಡಳಿತಗಾರರ ಸಮಿತಿಯನ್ನು ನ್ಯಾಯಾಲಯವೇ ಹಿಂಪಡೆದ ಮೇಲೆ ಆ ತಿಂಗಳ ಕೊನೆಯೊಳಗೆ ತೆರವಾಯಿತು.

ಹತ್ತಾರು ದಿನಗಳ ಅಮಾನತು ಎಂದು ಹಗುರವಾಗಿ ಹೇಳುವವರು ಗೋಕುಲಂ ಕೇರಳದ ಹೆಣ್ಣುಮಕ್ಕಳನ್ನು ನೆನೆಯಬೇಕು. ಏಷ್ಯಾ ಮಹಿಳಾ ಕ್ಲಬ್ ಚಾಂಪಿಯನ್‌ಷಿಪ್ ಆಡಲು ಅವರು ಆಗಲೇ ಉಜ್ಬೇಕಿಸ್ತಾನಕ್ಕೆ ಬಂದಿಳಿದಿದ್ದರು. ಭಾರತದ ಚಾಂಪಿಯನ್ನರಾಗಿ ವರ್ಷವಿಡೀ ಬೆವರು ಹರಿಸಿ ಗಳಿಸಿದ ಅವಕಾಶ, ತಾವು ಮಾಡದ ತಪ್ಪಿಗೆ, ಹೋಟೆಲಿನ ಕೋಣೆಯಲ್ಲಿಯೇ ಕೈತಪ್ಪಿತು. ಅಮಾನತು ತೆರವಾಗುವ ಹೊತ್ತಿಗೆ ಅವರ ಪಂದ್ಯದ ದಿನ ಕಳೆದಿತ್ತು. ಮರುತಿಂಗಳ ಚುನಾವಣೆಯಲ್ಲಿ ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ, ಭಾರತ ತಂಡದ ಮಾಜಿ ನಾಯಕ ಬೈಚುಂಗ್ ಭುಟಿಯಾ ಅವರನ್ನು 33–1 ಮತಗಳಿಂದ ಸೋಲಿಸಿ ಅಧ್ಯಕ್ಷರಾದರು.

ಭುಟಿಯಾ ಅಂಥ ಆಟಗಾರನಿಗೆ ಒಂದೇ ಮತವೇ? ಮತ ಹಾಕಿದವರು ಯಾರು?

ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. ಆ ಚುನಾವಣೆಯಲ್ಲಿ ಆಟಗಾರರಿಗಾಗಲಿ ಕ್ಲಬ್‌ಗಳಿಗಾಗಲಿ ಮತವಿರಲಿಲ್ಲ. ವರ್ಷಪೂರ್ತಿ ಲೀಗ್ ನಡೆಸುವ ರಾಜ್ಯಕ್ಕೂ, ಕಾಗದದ ಮೇಲಷ್ಟೇ ಇರುವ ಸಂಸ್ಥೆಗೂ ಒಂದೊಂದೇ ಮತ. ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ರೂಪಿಸಿದ ಹೊಸ ಸಂವಿಧಾನಕ್ಕೆ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 19ರಂದು ಒಪ್ಪಿಗೆ ನೀಡಿತು. ಅದರ ಪ್ರಕಾರ ಸಾಮಾನ್ಯ ಸಭೆಯಲ್ಲಿ 15 ಮಂದಿ ಹೆಸರಾಂತ ಆಟಗಾರರಿಗೂ, ಕ್ಲಬ್, ರೆಫರಿ, ಕೋಚ್‌ಗಳ ಪ್ರತಿನಿಧಿಗಳಿಗೂ ಸ್ಥಾನವಿದೆ. ಬಹಳ ತಡವಾಗಿ ಬಂದ, ಆದರೆ ತೀರ ಅಗತ್ಯವಾಗಿದ್ದ ತಿದ್ದುಪಡಿ ಇದು.

2025ರಲ್ಲಿ ಐಎಸ್‌ಎಲ್ ನಿಂತುಹೋದದ್ದು ಏಕೆ?

2010ರಲ್ಲಿ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳಿಗೆ, 700 ಕೋಟಿ ರೂಪಾಯಿಗೆ, ಐಎಂಜಿ–ರಿಲಯನ್ಸ್‌ಗೆ ಒಪ್ಪಿಸಿತ್ತು. ಐಎಸ್‌ಎಲ್ ನಡೆದದ್ದು ಈ ಒಪ್ಪಂದದ ಬಲದ ಮೇಲೆ. 2025ರ ಡಿಸೆಂಬರ್‌ಗೆ ಅವಧಿ ಮುಗಿಯುತ್ತದೆಂಬುದು ಮೊದಲ ದಿನದಿಂದಲೇ ಗೊತ್ತಿದ್ದರೂ, ಹೊಸ ಒಪ್ಪಂದವಾಗಲಿಲ್ಲ. ಸಂವಿಧಾನದ ಪ್ರಕರಣ ನ್ಯಾಯಾಲಯದಲ್ಲಿತ್ತು. ಅಕ್ಟೋಬರ್‌ನಲ್ಲಿ ಕರೆದ ಟೆಂಡರ್‌ಗೆ ನವೆಂಬರ್‌ನ ಗಡುವಿನೊಳಗೆ ಒಂದೇ ಒಂದು ಬಿಡ್ ಬರಲಿಲ್ಲ. ಕ್ಲಬ್‌ಗಳು ಸಂಬಳ ತಡೆಹಿಡಿದವು, ಆಟಗಾರರು ತಮ್ಮನ್ನು ಆಡಲು ಬಿಡಿ ಎಂದು ಬಹಿರಂಗವಾಗಿ ಬೇಡಿಕೊಂಡರು. ಕೊನೆಗೆ ಕ್ರೀಡಾ ಸಚಿವಾಲಯ ಮಧ್ಯೆ ಬಂದು, 2026ರ ಫೆಬ್ರುವರಿ 14ರಂದು 14 ತಂಡಗಳ ಮೊಟಕುಗೊಂಡ ಲೀಗ್ ಆರಂಭವಾಯಿತು. ಪ್ರತಿ ತಂಡ ಉಳಿದವುಗಳ ಎದುರು ಒಂದೇ ಬಾರಿ ಆಡುವುದರಿಂದ ಒಟ್ಟು 91 ಪಂದ್ಯ, ಅಂದರೆ ತಂಡಕ್ಕೆ 13.

ಟಿವಿ ಹಕ್ಕು, ಪ್ರಾಯೋಜಕತ್ವಗಳ ಚರ್ಚೆಯಲ್ಲಿ ಮರೆತುಹೋಗುವ ಸಂಗತಿ ಈ 13. ವೃತ್ತಿಪರ ಆಟಗಾರನಿಗೆ ವರ್ಷಕ್ಕೆ 40ರಷ್ಟು ಪಂದ್ಯ ಸಿಗುವ ದೇಶಗಳ ಎದುರು ನಾವು ನಿಲ್ಲಬೇಕಿದೆ.

ಗೆಲ್ಲಬಹುದಾದ ಸೌಹಾರ್ದ ಪಂದ್ಯಗಳನ್ನು ಹೆಚ್ಚು ಆಡಿ ರ‍್ಯಾಂಕಿಂಗ್ ಏರಿಸಿಕೊಳ್ಳಬಹುದಲ್ಲ?

2018ರಿಂದ ಜಾರಿಯಲ್ಲಿರುವ ಲೆಕ್ಕದಲ್ಲಿ ಅದು ಕಷ್ಟ. ಪಂದ್ಯದ ತೂಕವನ್ನು, ಬಂದ ಫಲಿತಾಂಶಕ್ಕೂ ನಿರೀಕ್ಷಿತ ಫಲಿತಾಂಶಕ್ಕೂ ಇರುವ ವ್ಯತ್ಯಾಸದಿಂದ ಗುಣಿಸುತ್ತಾರೆ. ಅಂತರರಾಷ್ಟ್ರೀಯ ಪಂದ್ಯಗಳಿಗೆಂದು ಫಿಫಾ ಮೀಸಲಿಟ್ಟ ದಿನಗಳಲ್ಲಿ ಆಡಿದ ಸೌಹಾರ್ದ ಪಂದ್ಯದ ತೂಕ 10, ಉಳಿದ ದಿನಗಳಲ್ಲಿ 5. ಅರ್ಹತಾ ಪಂದ್ಯದ್ದು 25. ದುರ್ಬಲರನ್ನು ಗೆದ್ದರೆ ಸಿಗುವುದು ಚಿಲ್ಲರೆ ಅಂಕ, ಅವರೆದುರು ಸೋತರೆ ಕಳೆದುಕೊಳ್ಳುವುದು ಗಂಟು. ಭಾರತದ ಅತ್ಯುತ್ತಮ ಸ್ಥಾನ 94, ಅದು 1996ರ ಫೆಬ್ರುವರಿಯಲ್ಲಿ, ಬೇರೊಂದು ಲೆಕ್ಕಾಚಾರದ ಕಾಲದಲ್ಲಿ ಬಂದದ್ದು.

ಹಾಗಾದರೆ ಫೆಡರೇಷನ್ ಸರಿದಾರಿಯಲ್ಲಿದೆಯೇ ಎಂದು ಸಾಮಾನ್ಯ ಅಭಿಮಾನಿ ಯಾವುದನ್ನು ನೋಡಿ ತಿಳಿಯಬೇಕು?

ಪಂದ್ಯಗಳ ಸಂಖ್ಯೆಯನ್ನು. ನಿಮ್ಮ ಜಿಲ್ಲೆಯಲ್ಲಿ 13 ವರ್ಷದ ಮಗುವಿಗೆ ಒಂದು ವರ್ಷದಲ್ಲಿ ಎಷ್ಟು ಅಧಿಕೃತ ಪಂದ್ಯಗಳು ಸಿಗುತ್ತವೆ ಎಂದು ಕೇಳಿನೋಡಿ. 2017ರಲ್ಲಿ ನಾವೇ ನಡೆಸಿದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಜೀಕ್ಸನ್ ಸಿಂಗ್ ಕೊಲಂಬಿಯಾ ಎದುರು ತಲೆಯಿಂದ ಹೊಡೆದದ್ದು ಫಿಫಾ ಟೂರ್ನಿಯಲ್ಲಿ ಭಾರತದ ಮೊದಲ ಗೋಲು. ಆ ತಂಡದ ಹುಡುಗರನ್ನು ಒಟ್ಟಾಗಿಟ್ಟು ಐ-ಲೀಗ್‌ನಲ್ಲಿ ‘ಇಂಡಿಯನ್ ಆ್ಯರೋಸ್’ ಎಂದು ಆಡಿಸಿದ್ದರಿಂದ ಕೆಲವರು ರಾಷ್ಟ್ರೀಯ ತಂಡದವರೆಗೆ ಬೆಳೆದರು; 2022ರಲ್ಲಿ ಆ ತಂಡವನ್ನು ನಿಲ್ಲಿಸಲಾಯಿತು. 2025ರ ನವೆಂಬರ್ 30ರಂದು ಅಹಮದಾಬಾದಿನಲ್ಲಿ ಇರಾನನ್ನು 2–1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದ 17 ವರ್ಷದೊಳಗಿನ ಬಾಲಕರಿಗೆ ಮುಂದಿನ ಮೂರು ವರ್ಷ ಯಾವ ಲೀಗ್‌ನಲ್ಲಿ, ಎಷ್ಟು ನಿಮಿಷ ಆಟ ಸಿಗುತ್ತದೆ ಎಂಬುದನ್ನು ನಾನಂತೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿದ್ದೇನೆ.